ಬಿದ್ದರೆ ಎತ್ತುವವರು ಯಾರು?

ಅಡ್ವೆಂಚರ್ ಬೈಕ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಪವರ್ ಎಷ್ಟು, ಟಾಪ್ ಸ್ಪೀಡ್ ಎಷ್ಟು ಅಂತ. ಮಲೆನಾಡಿನ ಕೆಸರಿಗೆ ಇವೆರಡರ ಗೊಡವೆಯೇ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ತೂಕ. ಮಳೆ ಹಿಂದೆ ಸರಿದು ಘಟ್ಟದ ದಾರಿಗಳು ಕೈಬೀಸುವ ಹೊತ್ತಿಗಾಗಿ ಇಲ್ಲಿದೆ ಹಗುರ ಬೈಕುಗಳ ಹಿನ್ನೆಲೆ, ಹೋಲಿಕೆ ಮತ್ತು ಮನೆಗೆ ತಂದ ಮೇಲಿನ ಸಂಸಾರ.

ಸಕಲೇಶಪುರ ದಾಟಿ ಬಿಸಿಲೆಯ ಕಡೆ ಹೊರಳುವ ಒಂದು ಎಸ್ಟೇಟ್ ದಾರಿ. ರಾತ್ರಿಯಿಡೀ ಹೊಯ್ದ ಮಳೆ ಬೆಳಗ್ಗೆ ತುಸು ಹೊಳವಾಗಿದೆ. ಸಿಲ್ವರ್ ಓಕ್ ಮರಗಳಿಂದ ಹನಿ ಇನ್ನೂ ತೊಟ್ಟಿಕ್ಕುತ್ತಿದೆ. ಏರು ತಿರುವಿನಲ್ಲಿ, ಜೀಪಿನ ಗಾಲಿಗಳು ಕೊರೆದ ಎರಡು ಚಡಿಗಳ ನಡುವೆ, ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಬೈಕೊಂದು ಅಡ್ಡಡ್ಡ ಮಲಗಿದೆ.

ಬೆಂಗಳೂರಿನಿಂದ ಬಂದ ಸವಾರ ಹೆಲ್ಮೆಟ್ ತೆಗೆದು ಬೆವರು ಒರೆಸುತ್ತಿದ್ದಾನೆ. ಜೊತೆಗಾರ ಹ್ಯಾಂಡಲ್ ಹಿಡಿದು ಎಳೆದಷ್ಟೂ ಬೂಟು ಕೆಸರಿನಲ್ಲಿ ಜಾರುತ್ತಿದೆ. ಉಂಬಳಗಳು ಆಗಲೇ ಕಾಲುಚೀಲದ ದಾರಿ ಹಿಡಿದಿವೆ.

“ಎತ್ತೋಕೆ ನಾಲ್ಕು ಜನ ಬೇಕು ಅಂದ್ರೆ, ಬರುವಾಗಲೇ ನಾಲ್ಕು ಜನ ಬರ್ಬೇಕಿತ್ತು ಸರ್” ಎನ್ನುತ್ತಾರೆ ಕೊಪ್ಪೆಯೊಳಗಿಂದ ಇಣುಕಿದ ಎಸ್ಟೇಟ್ ರೈಟರ್. ಲೇವಡಿಯೇನಲ್ಲ, ಲೆಕ್ಕ. ಲೈನ್ ಮನೆಯಿಂದ ಇಬ್ಬರನ್ನು ಕೂಗಿ ಕರೆದದ್ದೂ ಅವರೇ.

ಅಷ್ಟರಲ್ಲಿ ಅದೇ ಗುಂಪಿನ ಮೂರನೆಯವನು ಹಿಂದಿನಿಂದ ಬಂದ. ಅವನದು ನೂರರವತ್ತು ಕಿಲೋ ಆಸುಪಾಸಿನ ಪುಟ್ಟ ಬೈಕು. ಅದೇ ಚಡಿ, ಅದೇ ಕೆಸರು, ಅವನೂ ಬಿದ್ದ. ಎದ್ದು ನಿಂತು, ಬೈಕನ್ನು ಎತ್ತಿ, ಕನ್ನಡಿ ಸರಿಮಾಡಿಕೊಂಡು ಹತ್ತಿ ಹೋದ. ಎತ್ತಲು ಬಂದ ಆಳುಗಳಿಗೆ ಅವನ ಕಡೆ ತಿರುಗಿ ನೋಡುವ ಕೆಲಸವೂ ಬೀಳಲಿಲ್ಲ.

ಕೆಸರಿನಲ್ಲಿ ಎಲ್ಲರೂ ಬೀಳುತ್ತಾರೆ. ಬೈಕಿನಿಂದ ಬೈಕಿಗೆ ವ್ಯತ್ಯಾಸ ತಿಳಿಯುವುದು ಬಿದ್ದ ಮೇಲೆ. ಒಬ್ಬನೇ ಎತ್ತಬಲ್ಲೆ ಎಂಬ ಧೈರ್ಯವಿದ್ದವನು ಮುಂದಿನ ತಿರುವಿನ ಆಚೆ ಏನಿದೆ ಎಂದು ನೋಡಲು ಹೋಗುತ್ತಾನೆ. ಇಲ್ಲದವನು ಟಾರು ಮುಗಿದಲ್ಲಿ ಫೋಟೊ ತೆಗೆದುಕೊಂಡು ಹಿಂದಿರುಗುತ್ತಾನೆ.

### ಹಗುರಾಗಿಯೇ ಹುಟ್ಟಿದ್ದು

1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಒಂದು ವಿಚಿತ್ರ ದಂಡು ಹೊರಟಿತು. ಸಹಾರಾ ಮರುಭೂಮಿ ದಾಟಿ ಸೆನೆಗಲ್‌ನ ಡಕಾರ್ ಮುಟ್ಟುವುದು ಗುರಿ. ಕಾರು, ಟ್ರಕ್ಕು, ಬೈಕುಗಳೆಲ್ಲ ಇದ್ದ ಆ ಮೊದಲ ಡಕಾರ್ ರ‍್ಯಾಲಿಯಲ್ಲಿ ಗೆದ್ದವನು ಸಿರಿಲ್ ನೆವೂ. ಅವನ ಕೆಳಗಿದ್ದದ್ದು ಯಮಹಾ ಎಕ್ಸ್‌ಟಿ 500, ಒಂದೇ ಸಿಲಿಂಡರಿನ ಸರಳ ಬೈಕು.

1980ರಲ್ಲಿ ಬಿಎಂಡಬ್ಲ್ಯು ಆರ್80 ಜಿ/ಎಸ್ ಎಂಬ ಬೈಕನ್ನು ಮಾರುಕಟ್ಟೆಗೆ ತಂದಿತು. ಟಾರಿನ ಮೇಲೂ ಮಣ್ಣಿನ ಮೇಲೂ ದೂರ ಹೋಗಬಲ್ಲದು ಎಂಬುದು ಅದರ ಹೆಗ್ಗಳಿಕೆ. ಮರುವರ್ಷವೇ ಹ್ಯೂಬರ್ಟ್ ಓರಿಯಲ್ ಬಿಎಂಡಬ್ಲ್ಯು ಮೇಲೆ ಡಕಾರ್ ಗೆದ್ದ. ಇಂದಿನ ದೊಡ್ಡ ಅಡ್ವೆಂಚರ್ ಬೈಕುಗಳ ಮೂಲಪುರುಷ ಎನಿಸಿದ ಆ ಆರ್80 ಜಿ/ಎಸ್ ತೂಗುತ್ತಿದ್ದುದು ಇನ್ನೂರು ಕಿಲೋದೊಳಗೆ.

ಆಮೇಲಿನ ನಾಲ್ಕು ದಶಕಗಳಲ್ಲಿ ಟ್ಯಾಂಕು ಉಬ್ಬಿತು, ಎಂಜಿನ್ ಬೆಳೆಯಿತು, ಗಾಳಿಗುರಾಣಿ ಎತ್ತರವಾಯಿತು, ಎಲೆಕ್ಟ್ರಾನಿಕ್ಸ್ ಸೇರಿತು. ಅದೇ ವಂಶದ ಆರ್ 1250 ಜಿಎಸ್ 249 ಕಿಲೋಗೆ ಬಂದು ನಿಂತಿತು. ಪಕ್ಕದ ಪೆಟ್ಟಿಗೆಗಳು, ಹಿಂದೆ ಕೂರುವವರು, ಅವರ ಸಾಮಾನು ಇದರ ಮೇಲಿನ ಹೊರೆ.

ಡಕಾರ್ ಮಾತ್ರ ತಿರುಗಿ ಹಗುರದ ಕಡೆಗೇ ನಡೆಯಿತು. ದೊಡ್ಡ ಎಂಜಿನ್‌ಗಳ ವೇಗ ಪ್ರಾಣಕ್ಕೆ ಎರವಾಗುತ್ತಿದೆ ಎಂದು 2011ರ ಹೊತ್ತಿಗೆ ಬೈಕುಗಳನ್ನು 450 ಸಿಸಿಗೆ ಕಟ್ಟಿಹಾಕಲಾಯಿತು. ಜಗತ್ತಿನ ಅತಿ ಕಠಿಣ ರ‍್ಯಾಲಿಗೆ 450 ಸಿಸಿ ಸಾಕಾಗಿದೆ. ವಾರಾಂತ್ಯದ ಕುದುರೆಮುಖಕ್ಕೆ 1250 ಬೇಕು ಎನ್ನುವ ವಾದದಲ್ಲಿ ಆಸೆಯ ಪಾಲು ಹೆಚ್ಚು, ಅಗತ್ಯದ ಪಾಲು ಕಡಿಮೆ.

ದೊಡ್ಡ ಬೈಕುಗಳ ಮೋಹವನ್ನು ಜಗತ್ತಿಗೆಲ್ಲ ಹಂಚಿದ್ದು 2004ರ ‘ಲಾಂಗ್ ವೇ ರೌಂಡ್’ ಟಿವಿ ಸರಣಿ. ನಟ ಇವಾನ್ ಮೆಕ್‌ಗ್ರೆಗರ್ ಮತ್ತು ಗೆಳೆಯ ಚಾರ್ಲಿ ಬೂರ್ಮನ್ ಬಿಎಂಡಬ್ಲ್ಯು ಬೈಕುಗಳಲ್ಲಿ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದರು. ಮಂಗೋಲಿಯಾದಲ್ಲಿ ಅವರ ಕ್ಯಾಮೆರಾಮನ್‌ನ ಬೈಕು ಕೈಕೊಟ್ಟಿತು. ಅಲ್ಲೇ ಸಿಕ್ಕ ಒಂದು ಅಗ್ಗದ ರಷ್ಯನ್ ಬೈಕನ್ನು ಅವನಿಗೆ ಕೊಡಿಸಿದರು. ಮಂಗೋಲಿಯಾದ ಕೆಸರು ಬಯಲಿನಲ್ಲಿ ದೊಡ್ಡ ಬೈಕುಗಳು ಪದೇಪದೇ ಮಗುಚಿಕೊಳ್ಳುತ್ತಿದ್ದಾಗ, ಆ ಬಡಪಾಯಿ ಬೈಕು ಅವುಗಳ ಪಕ್ಕದಲ್ಲಿ ಸಲೀಸಾಗಿ ಹಾದುಹೋಯಿತು. ಸರಣಿ ನೋಡಿದವರು ಕೊಂಡದ್ದು ಬಿಎಂಡಬ್ಲ್ಯು. ಕಲಿಯಬೇಕಿದ್ದ ಪಾಠ ಇದ್ದದ್ದು ಆ ರಷ್ಯನ್ ಬೈಕಿನಲ್ಲಿ.

### ನಮ್ಮ ದಾರಿ ಬೇರೆ

‘ಅಡ್ವೆಂಚರ್’ ಎಂಬ ಹಣೆಪಟ್ಟಿ ಬರುವ ಎಷ್ಟೋ ಮೊದಲೇ ಕರ್ನಾಟಕದ ಕಾಡುದಾರಿಗಳಲ್ಲಿ ಬೈಕುಗಳು ಓಡುತ್ತಿದ್ದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ, 1973ರಿಂದ ಅದರ ಹೊಸ ಹೆಸರಾದ ಯೆಜ್ಡಿ, ತೋಟದ ಮೇಲ್ವಿಚಾರಕರಿಂದ ಹಿಡಿದು ಹಳ್ಳಿ ಡಾಕ್ಟರರವರೆಗೆ ಎಲ್ಲರನ್ನೂ ಹೊತ್ತವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದಾಗ, ಅದರಲ್ಲೊಂದು ಮಾದರಿಯ ಹೆಸರೇ ‘ಅಡ್ವೆಂಚರ್’. ಈಗ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ.

ಮಣ್ಣಿಗೆಂದೇ ಮಾಡಿದ ಹಗುರ ಬೈಕಿನ ಮೊದಲ ದೊಡ್ಡ ಪ್ರಯತ್ನ 2011ರ ಹೀರೋ ಇಂಪಲ್ಸ್. 150 ಸಿಸಿ, ಉದ್ದ ಸಸ್ಪೆನ್ಷನ್, 134 ಕಿಲೋ ತೂಕ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿತ್ತು. ಆದರೆ ಹದಿಮೂರು ಚಿಲ್ಲರೆ ಅಶ್ವಶಕ್ತಿಗೆ ಇಷ್ಟು ದುಡ್ಡೇ ಎಂದು ಗಿರಾಕಿ ಮೂಗು ಮುರಿದ. ಕೆಲವೇ ವರ್ಷಗಳಲ್ಲಿ ಅದು ಶೋರೂಂಗಳಿಂದ ಮರೆಯಾಯಿತು. ಮಾರುಕಟ್ಟೆಯಲ್ಲಿ ಇದ್ದಾಗ ಕೇಳದವರೇ, ನಿಂತ ಮೇಲೆ ಸೆಕೆಂಡ್‌ಹ್ಯಾಂಡ್ ಇಂಪಲ್ಸ್ ಹುಡುಕಿಕೊಂಡು ಅಲೆದರು.

2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು. 411 ಸಿಸಿ, 24.5 ಅಶ್ವಶಕ್ತಿ, 800 ಮಿ.ಮೀ. ಸೀಟ್. ವೇಗದಲ್ಲಿ ಹೇಳಿಕೊಳ್ಳುವಂಥದ್ದಲ್ಲ; ಆದರೆ ಕಡಿಮೆ ವೇಗದಲ್ಲಿ ಗಟ್ಟಿಯಾಗಿ ಎಳೆಯುವ ಎಂಜಿನ್ ಮತ್ತು ನೆಲಕ್ಕೆ ಎಟುಕುವ ಕಾಲು, ಇವೆರಡೇ ಸಾವಿರಾರು ಜನರನ್ನು ಮೊದಲ ಬಾರಿ ಟಾರಿನಿಂದ ಕೆಳಗಿಳಿಸಿದವು.

2019ರ ಮೇ ತಿಂಗಳಲ್ಲಿ ಹೀರೋ ಎಕ್ಸ್‌ಪಲ್ಸ್ 200 ಬಂದಾಗ ಚಿತ್ರವೇ ಬದಲಾಯಿತು. ಕಾರ್ಬುರೇಟರ್ ಮಾದರಿಯ ಶೋರೂಂ ಬೆಲೆ ಆಗ ಒಂದು ಲಕ್ಷಕ್ಕಿಂತ ಕಡಿಮೆ. 154 ಕಿಲೋ ತೂಕ, ಮುಂದೆ 21 ಇಂಚಿನ ಚಕ್ರ, ನೆಲದಿಂದ 220 ಮಿ.ಮೀ. ಎತ್ತರ. ಮೊದಲ ಕೆಲಸ ಸಿಕ್ಕ ಹುಡುಗ, ಹುಡುಗಿಯರ ಕೈಗೆ ಎಟುಕುವ ದರದಲ್ಲಿ ಮಣ್ಣಿನ ಬೈಕೊಂದು ಸಿಕ್ಕಿದ್ದು ಆಗ.

> ಮಣ್ಣಿನ ಮಕ್ಕಳು
>
> • ಡಕಾರ್ ರ‍್ಯಾಲಿಯಲ್ಲಿ ಓಡಿದ ಮೊದಲ ಭಾರತೀಯ ಬೈಕ್ ಸವಾರ ಬೆಂಗಳೂರಿನ ಸಿ.ಎಸ್. ಸಂತೋಷ್. 2015ರ ಚೊಚ್ಚಲ ಯತ್ನದಲ್ಲೇ ಓಟ ಮುಗಿಸಿ 36ನೇ ಸ್ಥಾನ ಪಡೆದರು. 2021ರ ಡಕಾರ್‌ನಲ್ಲಿ ತೀವ್ರ ಅಪಘಾತಕ್ಕೀಡಾಗಿ ಚೇತರಿಸಿಕೊಂಡರು. ಕೋಲಾರದ ಬಳಿಯ ಬಿಗ್ ರಾಕ್ ಡರ್ಟ್‌ಪಾರ್ಕ್ ಅವರು ಕಟ್ಟಿದ ಮಣ್ಣಿನ ಪಾಠಶಾಲೆ.
>
> • ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು.
>
> • 2024ರ ಡಕಾರ್‌ನಲ್ಲಿ ಹೀರೋ ತಂಡದ ರಾಸ್ ಬ್ರಾಂಚ್ ಎರಡನೇ ಸ್ಥಾನ ಪಡೆದರು. ಬೋಟ್ಸ್ವಾನಾದ ಸವಾರ, ಭಾರತೀಯ ಕಂಪನಿಯ 450 ಸಿಸಿ ಬೈಕು.

### ಮೈಕಟ್ಟಿನ ಮರ್ಮ

ಎತ್ತರದ ಹ್ಯಾಂಡಲ್, ಕೊಕ್ಕಿನಂಥ ಮಡ್‌ಗಾರ್ಡ್ ಇದ್ದ ಮಾತ್ರಕ್ಕೆ ಬೈಕು ಮಣ್ಣಿಗೆ ಒಗ್ಗುವುದಿಲ್ಲ. ನೋಡಬೇಕಾದ ಜಾಗಗಳು ನಾಲ್ಕು.

ಮುಂದಿನ ಚಕ್ರ. ಚಕ್ರ ದೊಡ್ಡದಾದಷ್ಟೂ ಕಲ್ಲಿಗೆ ಅದು ತಾಗುವ ಕೋನ ಓರೆಯಾಗುತ್ತದೆ. ಗುದ್ದಿ ನಿಲ್ಲುವ ಬದಲು ಹತ್ತಿ ಇಳಿಯುತ್ತದೆ. ಅದಕ್ಕೇ ಮಣ್ಣಿನ ಬೈಕಿಗೆ 21 ಇಂಚು. 17 ಇಂಚಿನ ಚಕ್ರ ಟಾರಿನ ತಿರುವುಗಳಲ್ಲಿ ಚುರುಕು. 19 ಇಂಚು ನಡುವಿನ ರಾಜಿ.

ಸಸ್ಪೆನ್ಷನ್ ಚಲಿಸುವ ದೂರ. ಸಾಮಾನ್ಯ ಬೈಕಿನ ಮುಂದಿನ ಫೋರ್ಕ್ ಗುಂಡಿಗೆ ಬಿದ್ದಾಗ ತಳ ಮುಟ್ಟಿ ‘ಟಕ್’ ಎನ್ನುತ್ತದೆ. ಎಕ್ಸ್‌ಪಲ್ಸ್‌ನ ನಂತರದ ಮಾದರಿ 210ರಲ್ಲಿ ಈ ದೂರ ಮುಂದೆ 210, ಹಿಂದೆ 205 ಮಿ.ಮೀ.; ಹಿಮಾಲಯನ್‌ನ ನಂತರದ 450ರಲ್ಲಿ ಎರಡೂ ಕಡೆ 200. ಇಷ್ಟಿದ್ದರೆ ಹೊಂಡವನ್ನು ಬೈಕು ನುಂಗುತ್ತದೆ, ಸವಾರನ ಬೆನ್ನಿಗೆ ಬಿಡುವುದಿಲ್ಲ.

ಸೀಟಿನ ಎತ್ತರ. ಸಸ್ಪೆನ್ಷನ್ ಉದ್ದವಾದರೆ ಸೀಟು ಮೇಲೇರುತ್ತದೆ. ಎಕ್ಸ್‌ಪಲ್ಸ್ 200ರ ‘ಪ್ರೊ’ ಮಾದರಿಯಲ್ಲಿ ಅದು 891 ಮಿ.ಮೀ. ಐದೂವರೆ ಅಡಿ ಎತ್ತರದವರು ತುದಿಗಾಲಲ್ಲಿ ನಿಲ್ಲಬೇಕು. ಇಲ್ಲೇ ತೂಕ ಮತ್ತೆ ನೆರವಿಗೆ ಬರುತ್ತದೆ: ಹಗುರ ಬೈಕನ್ನು ಒಂದೇ ಪಾದದ ಮೇಲೆ ತಡೆಯಬಹುದು, ಇನ್ನೂರು ಕಿಲೋ ಒಮ್ಮೆ ವಾಲಿತೆಂದರೆ ತೊಡೆ ಸೋಲುತ್ತದೆ.

ಕಡ್ಡಿಯೋ (ಸ್ಪೋಕ್) ಅಲಾಯೋ. ಕಲ್ಲಿಗೆ ಬಡಿದರೆ ಕಡ್ಡಿಯ ಚಕ್ರ ಬಾಗುತ್ತದೆ, ಅಲಾಯ್ ಸೀಳುತ್ತದೆ. ಬಾಗಿದ್ದನ್ನು ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲಿ ಬೆಂಡ್ ತೆಗೆಸಬಹುದು. ಸೀಳಿದ್ದಕ್ಕೆ ಹೊಸದೇ ಬೇಕು. ಆದರೆ ಕಡ್ಡಿಯ ಚಕ್ರಕ್ಕೆ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ, ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ಟ್ಯೂಬ್‌ಲೆಸ್ ಅಲಾಯ್‌ಗೆ ಐದು ನಿಮಿಷದಲ್ಲಿ ರಬ್ಬರ್ ಎಳೆ ತುರುಕಿ ಹೊರಡಬಹುದು. ಟ್ಯೂಬ್‌ಲೆಸ್ ಕಡ್ಡಿಚಕ್ರಗಳೂ ಈಗ ಸಿಗುತ್ತವೆ, ಬೆಲೆ ಜಾಸ್ತಿ.

ಎಬಿಎಸ್ ಬಗ್ಗೆಯೂ ಒಂದು ಮಾತು. ಟಾರಿನ ಮೇಲೆ ಅದು ಜೀವ ಉಳಿಸುತ್ತದೆ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಮಾತ್ರ, ಚಕ್ರ ಲಾಕ್ ಆಗದಂತೆ ಅದು ಬ್ರೇಕ್ ಬಿಟ್ಟುಬಿಟ್ಟು ಹಿಡಿಯುವುದರಿಂದ ಬೈಕು ನಿಲ್ಲದೆ ಜಾರುತ್ತಲೇ ಹೋಗುತ್ತದೆ. ಆದ್ದರಿಂದ ಹಿಂದಿನ ಚಕ್ರದ ಎಬಿಎಸ್ ಆರಿಸುವ ಸೌಲಭ್ಯ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ಟಾರು ಬಂದೊಡನೆ ಮತ್ತೆ ಹಾಕುವುದನ್ನು ಮರೆಯಬಾರದು.

### ಐದು ಬೈಕು, ಐದು ಸ್ವಭಾವ

ಹೀರೋ ಎಕ್ಸ್‌ಪಲ್ಸ್. ಹಳೆಯ 200ಕ್ಕೆ ಗಾಳಿ ಮತ್ತು ಆಯಿಲ್‌ನಿಂದ ತಣಿಯುವ, ಹತ್ತೊಂಬತ್ತು ಅಶ್ವಶಕ್ತಿಯ ಸರಳ ಎಂಜಿನ್. ಕೆಸರಿನಲ್ಲಿ ಅದು ರಾಜ. ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ಮಾತ್ರ ಬಸ್ಸು ಹಿಂದಿಕ್ಕಲು ಮುಂಚಿತವಾಗಿಯೇ ಯೋಚಿಸಬೇಕು. ಗಂಟೆಗೆ ನೂರು ಕಿ.ಮೀ. ದಾಟಿದ ಮೇಲೆ ಉಳಿದಿರುವ ಬಲ ಅಲ್ಪ. 2025ರ ಜನವರಿಯಲ್ಲಿ ಬಂದ 210 ಈ ಕೊರತೆಯನ್ನು ಬಹುಪಾಲು ತುಂಬಿತು. ನೀರಿನಿಂದ ತಣಿಯುವ ಎಂಜಿನ್, ಆರು ಗೇರು, 24.6 ಅಶ್ವಶಕ್ತಿ. ತೂಕ 170 ಕಿಲೋ ಆಸುಪಾಸು.

ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್. 2022ರಿಂದ ಇಲ್ಲಿದೆ. 249 ಸಿಸಿ, 26.5 ಅಶ್ವಶಕ್ತಿ, 167 ಕಿಲೋ. ತೂಕ ಎಕ್ಸ್‌ಪಲ್ಸ್ 210ರ ನೆರೆಯದು, ಸ್ವಭಾವ ದೂರದ್ದು. 19 ಇಂಚಿನ ಅಲಾಯ್ ಚಕ್ರ, ನುಣುಪಾದ ಎಂಜಿನ್. ಹೆದ್ದಾರಿ, ಹಾಳಾದ ಜಿಲ್ಲಾ ರಸ್ತೆ, ಹಿಂದೆ ಹೆಂಡತಿಯೋ ಗಂಡನೋ ಗೆಳೆಯರೋ. ಇಷ್ಟಕ್ಕೆ ಹೇಳಿ ಮಾಡಿಸಿದ್ದು. ಬಂಡೆಗಳ ಮೇಲೆ ಹತ್ತಿಸುವ ಆಸೆಗಲ್ಲ.

ಟಿವಿಎಸ್ ಅಪಾಚೆ ಆರ್‌ಟಿಎಕ್ಸ್. 2025ರ ಅಕ್ಟೋಬರ್‌ನ ಹೊಸಬ. ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆಯಿರುವ ಕಂಪನಿ. 299 ಸಿಸಿ, 36 ಅಶ್ವಶಕ್ತಿ, 180 ಕಿಲೋ. ಇದೂ 19 ಇಂಚಿನ ಮುಂಚಕ್ರದ್ದು, ಟಾರಿನ ಕಡೆಗೇ ಒಲವು. ದೂರದೂರಿಗೆ ಹೋಗಿ ಬರುವ, ಕೊನೆಯ ಕೆಲವು ಕಿಲೋಮೀಟರ್ ಮಾತ್ರ ಮಣ್ಣು ಕಾಣುವ ಸವಾರರಿಗೆ.

ಕೆಟಿಎಂ 390 ಅಡ್ವೆಂಚರ್. 2025ರ ಹೊಸ ಅವತಾರದಲ್ಲಿ 399 ಸಿಸಿ, 46 ಅಶ್ವಶಕ್ತಿ, 180 ಕಿಲೋಗಿಂತ ತುಸು ಹೆಚ್ಚು ತೂಕ. ತೂಕಕ್ಕೆ ಹೋಲಿಸಿದರೆ ಈ ಐದರಲ್ಲಿ ಅತಿ ಹೆಚ್ಚು ಬಲ ಇದರದ್ದೇ. ಎಂಜಿನ್ ಮೇಲಿನ ವೇಗದಲ್ಲಿ ಅರಳುವಂಥದ್ದು. ನುರಿತವರ ಕೈಗೆ ಸೊಗಸು, ಹೊಸಬರ ಕೈಗೆ ಕೊಂಚ ಆತುರಗಾರ.

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. 2023ರ ನವೆಂಬರ್‌ನಲ್ಲಿ ಹಳೆಯ 411ರ ಜಾಗಕ್ಕೆ ಬಂದದ್ದು. 40 ಅಶ್ವಶಕ್ತಿ, 40 ನ್ಯೂಟನ್ ಮೀಟರ್ ಟಾರ್ಕ್, 17 ಲೀಟರ್ ಟ್ಯಾಂಕು, 196 ಕಿಲೋ. ಲಡಾಖ್‌ಗೆ ಸಾಮಾನು ಕಟ್ಟಿಕೊಂಡು ಹೊರಡುವವರಿಗೆ ಈ ದರದಲ್ಲಿ ಇದಕ್ಕಿಂತ ಪೂರ್ಣವಾದ ಬೈಕು ಕಷ್ಟ. ಆದರೆ ‘ಹಗುರ’ ಎಂಬ ಮಾತಿನ ಕೊನೆಯ ಗಡಿಯಲ್ಲಿ ನಿಂತಿದೆ. ಬಿಸಿಲೆಯ ಆ ಚಡಿಯಲ್ಲಿ ಬಿದ್ದರೆ ಒಬ್ಬರೇ ಎತ್ತಬಹುದು, ಮೂರನೆಯ ಸಲ ಬಿದ್ದಾಗ ಎತ್ತುವ ಮನಸ್ಸಿರುವುದಿಲ್ಲ.

ಎತ್ತರದ ಪ್ರದೇಶಕ್ಕೆ ಹೊರಡುವವರಿಗೆ ಎಂಜಿನ್‌ನ ಗಾತ್ರ ನಿಜಕ್ಕೂ ಮುಖ್ಯ. 18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಳಿಯುತ್ತದೆ. ಉಸಿರು ಸಾಲದೆ ಎಂಜಿನ್ ಕೂಡ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ನಲವತ್ತರಲ್ಲಿ ಅರ್ಧ ಹೋದರೆ ಇಪ್ಪತ್ತು ಉಳಿಯಿತು. ಹತ್ತೊಂಬತ್ತರಲ್ಲಿ ಅರ್ಧ ಹೋದರೆ ಮೊದಲ ಗೇರಿನಲ್ಲಿ ತೆವಳಬೇಕು. ಮುಳ್ಳಯ್ಯನಗಿರಿಯ 1,930 ಮೀಟರ್‌ನಲ್ಲಿ ಈ ಚಿಂತೆ ಅಷ್ಟಾಗಿ ಇಲ್ಲ.

> 350ರ ಗೆರೆ
>
> 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಬದಲಾವಣೆ ಬೈಕ್ ಮಾರುಕಟ್ಟೆಯನ್ನು ಎರಡಾಗಿ ಸೀಳಿತು. 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40 ಆಯಿತು. ಎಕ್ಸ್‌ಪಲ್ಸ್, ವಿ-ಸ್ಟ್ರಾಮ್, ಆರ್‌ಟಿಎಕ್ಸ್ ಗೆರೆಯ ಈಚೆ. 399 ಸಿಸಿಯ ಕೆಟಿಎಂ ಮತ್ತು 452 ಸಿಸಿಯ ಹಿಮಾಲಯನ್ ಆಚೆ. ಇದರ ಮೇಲೆ ಕರ್ನಾಟಕದ ಆಜೀವ ತೆರಿಗೆ ಬೇರೆ. ಶೋರೂಂ ಬೆಲೆ ಕೇಳಿ ಖುಷಿಪಡುವ ಮೊದಲು ‘ಆನ್‌ರೋಡ್ ಎಷ್ಟು’ ಎಂದು ಕೇಳಿ.

### ಮೈಸೂರು ರಸ್ತೆ ಕಲಿಸಿದ್ದು

ಹೆದ್ದಾರಿಯ ವೇಗಕ್ಕಾಗಿ ದೊಡ್ಡ ಎಂಜಿನ್ ಬೇಕು ಎನ್ನುವ ವಾದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಪೆಟ್ಟು ಬಿತ್ತು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲ. ನೂರು ಸಿಸಿಯೂ ಸರ್ವಿಸ್ ರಸ್ತೆಯಲ್ಲೇ, ಸಾವಿರ ಸಿಸಿಯೂ ಸರ್ವಿಸ್ ರಸ್ತೆಯಲ್ಲೇ. ಅಲ್ಲಿ ಎಮ್ಮೆ, ಟ್ರ್ಯಾಕ್ಟರ್, ಎದುರಿನಿಂದ ಬರುವ ಸ್ಕೂಟರ್, ಹಂಪು ಎಲ್ಲವೂ ಉಂಟು.

ಹೊಸದಾಗಿ ಏಳುತ್ತಿರುವ ವೇಗದ ಹೆದ್ದಾರಿಗಳಲ್ಲಿ ದ್ವಿಚಕ್ರಕ್ಕೆ ಜಾಗ ಕುಗ್ಗುತ್ತಿದೆ. ಬೈಕ್ ಸವಾರನ ಪಾಲಿಗೆ ಉಳಿಯುವುದು ಹಳೆಯ ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಘಟ್ಟದ ತಿರುವು, ತೋಟದ ನಡುವಿನ ದಾರಿ. ಅಲ್ಲಿ ಗಂಟೆಗೆ ಅರವತ್ತೇ ಸೊಗಸು. ಅಲ್ಲಿಗೆ ಬೇಕಾದದ್ದು ಒಳ್ಳೆಯ ಸಸ್ಪೆನ್ಷನ್ ಮತ್ತು ಕಡಿಮೆ ತೂಕ.

### ಮನೆಗೆ ತಂದ ಮೇಲೆ

ಬೈಕು ಮನೆಗೆ ಬಂದ ಮೊದಲ ವಾರದಲ್ಲೇ ಬಹುತೇಕರು ಒಂದು ಕೆಲಸ ಮಾಡುತ್ತಾರೆ: ಹಗುರವೆಂದು ಕೊಂಡದ್ದಕ್ಕೆ ತೂಕ ಏರಿಸುತ್ತಾರೆ. ಕಬ್ಬಿಣದ ಕ್ರಾಶ್‌ಗಾರ್ಡ್, ಕ್ಯಾರಿಯರ್, ಎರಡು ಅಲ್ಯೂಮಿನಿಯಂ ಪೆಟ್ಟಿಗೆ, ನಾಲ್ಕು ದೀಪ. ಅಷ್ಟಕ್ಕೇ ಇಪ್ಪತ್ತು ಕಿಲೋ ಸುಲಭವಾಗಿ ಸೇರುತ್ತದೆ. ಅಂದರೆ ಎಕ್ಸ್‌ಪಲ್ಸ್ ಕೊಂಡು ಅದನ್ನು ಹೆಚ್ಚುಕಡಿಮೆ ಹಿಮಾಲಯನ್ ತೂಕಕ್ಕೆ ತಂದು, ಬಲ ಮಾತ್ರ ಎಕ್ಸ್‌ಪಲ್ಸ್‌ನದ್ದೇ ಉಳಿಸಿಕೊಂಡಂತೆ.

ನಿಜಕ್ಕೂ ಬೇಕಾದವು ಕೆಲವೇ. ಎಂಜಿನ್ ಕೆಳಗಿನ ತಟ್ಟೆ ಗಟ್ಟಿಯಾಗಿರಬೇಕು. ಒಂದು ಚೂಪು ಕಲ್ಲು ಆಯಿಲ್ ಚೇಂಬರ್ ಒಡೆದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಹ್ಯಾಂಡ್‌ಗಾರ್ಡ್ ಇದ್ದರೆ ಬಿದ್ದಾಗ ಕ್ಲಚ್ ಮತ್ತು ಬ್ರೇಕ್ ಲಿವರ್ ಮುರಿಯುವುದಿಲ್ಲ. ಸಾಮಾನಿಗೆ ಗಟ್ಟಿ ಪೆಟ್ಟಿಗೆಗಿಂತ ಬಟ್ಟೆಯ ಚೀಲ ಲೇಸು: ಹಗುರ, ಮೇಲಾಗಿ ಬೈಕು ಮಗುಚಿದಾಗ ಕಾಲಿನ ಮೂಳೆ ಅದರಡಿ ಸಿಕ್ಕಿ ಮುರಿಯುವ ಭಯ ಕಡಿಮೆ.

ಪೆಟ್ರೋಲಿಗೂ ತೂಕವಿದೆ. ಲೀಟರಿಗೆ ಮುಕ್ಕಾಲು ಕಿಲೋ ಎಂದರೂ 17 ಲೀಟರಿನ ಟ್ಯಾಂಕು ತುಂಬಿದಾಗ ಸುಮಾರು ಹದಿಮೂರು ಕಿಲೋ ಮೇಲ್ಭಾಗದಲ್ಲೇ ಕೂರುತ್ತದೆ. ಪಂಪುಗಳು ಹತ್ತಿರವಿರುವ ನಾಡಿನಲ್ಲಿ, ಕೆಸರಿನ ದಾರಿಗೆ ಅರ್ಧ ಟ್ಯಾಂಕು ಸಾಕು.

ಮಣ್ಣಿಗಿಳಿದ ಬೈಕಿನ ಆರೈಕೆ ಆಫೀಸಿಗೆ ಹೋಗಿಬರುವ ಬೈಕಿನಂತಲ್ಲ. ಏರ್‌ಫಿಲ್ಟರ್ ಧೂಳು ಕುಡಿದಷ್ಟೂ ಎಂಜಿನ್ ಏದುಸಿರು ಬಿಡುತ್ತದೆ. ಕೆಸರು ಮೆತ್ತಿದ ಚೈನನ್ನು ತೊಳೆಯದೆ ಆಯಿಲ್ ಹಚ್ಚಿದರೆ ಅದು ಅರೆಯುವ ಪುಡಿಯಾಗಿ ಸ್ಪ್ರಾಕೆಟ್ ತಿನ್ನುತ್ತದೆ. ಕಡ್ಡಿಗಳ ಬಿಗಿಯನ್ನು ಆಗಾಗ ನೋಡಬೇಕು. ಫೋರ್ಕ್‌ನ ಆಯಿಲ್ ಸೀಲ್, ಹ್ಯಾಂಡಲ್‌ನ ಕೋನ್‌ಸೆಟ್, ಚಕ್ರದ ಬೇರಿಂಗ್, ಬ್ರೇಕ್ ಪ್ಯಾಡ್, ಈ ನಾಲ್ಕೂ ಟಾರಿನ ಬೈಕಿಗಿಂತ ಬೇಗ ಸವೆಯುತ್ತವೆ. ನೀರಿನಿಂದ ತಣಿಯುವ ಎಂಜಿನ್ ಇದ್ದರೆ ರೇಡಿಯೇಟರ್‌ಗೆ ಅಂಟಿದ ಕೆಸರನ್ನು ಮೆಲ್ಲಗೆ ತೊಳೆಯಬೇಕು; ಒಣಗಲು ಬಿಟ್ಟರೆ ಮುಂದಿನ ಏರಿನಲ್ಲಿ ಫ್ಯಾನು ಒಂದೇ ಸಮನೆ ಕೂಗುತ್ತದೆ.

ಟೈರಿನ ಗಾಳಿಯೂ ದಾರಿಗೆ ತಕ್ಕಂತೆ ಬದಲಾಗಬೇಕು. ಕೆಸರಿನಲ್ಲಿ ತುಸು ಇಳಿಸಿದರೆ ಟೈರು ಅಗಲವಾಗಿ ನೆಲವನ್ನು ಕಚ್ಚುತ್ತದೆ. ಟಾರಿಗೆ ಬಂದೊಡನೆ ತುಂಬಬೇಕು, ಆದ್ದರಿಂದ ಚೀಲದಲ್ಲೊಂದು ಪುಟ್ಟ ಪಂಪು ಇರಲಿ.

ಸರ್ವಿಸ್ ಸೆಂಟರ್ ಎಷ್ಟು ದೂರ ಎಂಬುದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ತೀರ್ಥಹಳ್ಳಿಯಲ್ಲಿ ಕ್ಲಚ್ ಕೇಬಲ್ ತುಂಡಾದರೆ ಸಿಗುವ ಬೈಕು ಯಾವುದು, ಶಿವಮೊಗ್ಗಕ್ಕೋ ಮಂಗಳೂರಿಗೋ ಹೇಳಿ ತರಿಸಬೇಕಾದ ಬೈಕು ಯಾವುದು? ಹಗುರ ಬೈಕುಗಳಲ್ಲಿ ಸರಳ ಎಂಜಿನ್‌ನವಕ್ಕೆ ಈ ವಿಷಯದಲ್ಲಿ ದೊಡ್ಡ ಮೇಲುಗೈ.

> ಬಿದ್ದ ಬೈಕು ಎತ್ತುವುದು ಹೀಗೆ
>
> • ಮೊದಲು ನಿಮ್ಮ ಕೈಕಾಲು ನೋಡಿಕೊಳ್ಳಿ. ಆಮೇಲೆ ಎಂಜಿನ್ ಆಫ್ ಮಾಡಿ, ಪೆಟ್ರೋಲ್ ಸೋರುತ್ತಿದೆಯೇ ಗಮನಿಸಿ.
>
> • ಬೈಕು ಜಾರದಂತೆ ಗೇರಿನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಚ್ಚಿಡಿ.
>
> • ಬೈಕಿಗೆ ಬೆನ್ನು ಕೊಟ್ಟು ಸೀಟಿಗೆ ಒರಗಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಹಿಡಿಕೆಗೆ.
>
> • ಬೆನ್ನು ನೆಟ್ಟಗಿರಲಿ. ಸೊಂಟದಿಂದ ಎಳೆಯಬೇಡಿ, ತೊಡೆಯ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಏಳಿ.
>
> • ನಿಂತ ರಭಸಕ್ಕೆ ಆಚೆ ಬದಿಗೆ ಬೀಳಿಸಬೇಡಿ. ಮೊದಲ ಸಲ ಎತ್ತುವವರಲ್ಲಿ ಇದು ಸಾಮಾನ್ಯ.

### ಎಲ್ಲಿಗೆ ಹೋಗಬಾರದು

ಹಗುರ ಬೈಕಿಗೆ ಒಂದು ಅಪಾಯವಿದೆ: ಅದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹೋಗಬಹುದು ಎಂದಾಕ್ಷಣ ಹೋಗಬೇಕೆಂದಿಲ್ಲ.

ಬಾಬಾಬುಡನ್‌ಗಿರಿ, ಕುದುರೆಮುಖ ಸೀಮೆಯ ಶೋಲಾ ಹುಲ್ಲುಗಾವಲುಗಳು ಮಳೆನೀರನ್ನು ಹೀರಿ ಇಟ್ಟುಕೊಂಡು ಬೇಸಗೆಯುದ್ದಕ್ಕೂ ಹಳ್ಳಗಳಿಗೆ ಬಿಡುವ ನೆಲ. ಗುಬ್ಬುಟೈರಿನ ಹಿಂಚಕ್ರ ಅಲ್ಲಿ ಒಮ್ಮೆ ಗಿರ್ರನೆ ತಿರುಗಿದರೆ ಹುಲ್ಲಿನ ಬೇರು ಕಿತ್ತು ಬರುತ್ತದೆ. ಮುಂದಿನ ಮಳೆ ಆ ಗೀರನ್ನು ಹಿಡಿದು ಹರಿಯುತ್ತದೆ, ಅದರಾಚೆಯ ಮಳೆಗೆ ಗೀರು ಕೊರಕಲಾಗುತ್ತದೆ. ಅನುಮತಿಯಿಲ್ಲದೆ ಮೀಸಲು ಅರಣ್ಯ ಹೊಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ ಎಂಬುದು ಬೇರೆ ಮಾತು.

ಖಾಸಗಿ ತೋಟದ ದಾರಿಯೂ ಸಾರ್ವಜನಿಕ ಆಟದ ಮೈದಾನವಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಆ ದಾರಿಯಲ್ಲಿ ಹೆಂಗಸರು, ಮಕ್ಕಳು ಓಡಾಡುತ್ತಾರೆ, ಮೂಟೆ ಹೊತ್ತ ಟ್ರ್ಯಾಕ್ಟರ್‌ಗಳು ಸಾಗುತ್ತವೆ. ಗೇಟಿನಲ್ಲಿ ನಿಂತು ಕೇಳಿದವರಿಗೆ ಮಲೆನಾಡು ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ; ಕೇಳದೆ ನುಗ್ಗಿದವರಿಂದಾಗಿಯೇ ಗೇಟುಗಳಿಗೆ ಬೀಗ ಬಿದ್ದಿವೆ. ಮಣ್ಣಿನ ಆಸೆ ತೀರಿಸಿಕೊಳ್ಳಲು ಕೋಲಾರದಂಥ ಕಡೆ ತರಬೇತಿ ಮೈದಾನಗಳಿವೆ. ನಿಂತು ಓಡಿಸುವುದು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದು, ಮರಳಿನಲ್ಲಿ ನೋಟ ದೂರ ನೆಡುವುದು ಕಲಿತರೆ, ಹತ್ತು ಅಶ್ವಶಕ್ತಿ ಹೆಚ್ಚಿದ್ದಕ್ಕಿಂತ ದೊಡ್ಡ ಲಾಭ.

### ಕೊಳ್ಳುವ ಮೊದಲು

ಹೋಲಿಕೆಯ ಪಟ್ಟಿಗಳು ಎಲ್ಲರನ್ನೂ ಒಂದೇ ಸವಾರ ಎಂದು ಭಾವಿಸುತ್ತವೆ. ನೀವು ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ಕಳೆದ ಒಂದು ವರ್ಷದಲ್ಲಿ ಬೈಕಿನಲ್ಲಿ ಎಲ್ಲೆಲ್ಲಿಗೆ ಹೋದಿರಿ, ಜೊತೆಗೆ ಯಾರಿದ್ದರು, ಎಷ್ಟು ದಾರಿ ಟಾರು, ಎಷ್ಟು ದಾರಿ ಮಣ್ಣು ಎಂದು ಬರೆಯಿರಿ. ಮುಂದಿನ ವರ್ಷ ಹೋಗಬೇಕೆಂದಿರುವ ಊರುಗಳನ್ನು ಈ ಪಟ್ಟಿಗೆ ಸೇರಿಸಬೇಡಿ. ಶೋರೂಂಗಳು ನಡೆಯುವುದೇ ಆ ಊರುಗಳ ಮೇಲೆ.

ಒಬ್ಬರೇ ಹೊರಟು ಮಣ್ಣು ಹುಡುಕುವವರಾದರೆ 170 ಕಿಲೋದೊಳಗೆ, 21 ಇಂಚಿನ ಚಕ್ರದ್ದನ್ನು ನೋಡಿ. ಇಬ್ಬರು ಕುಳಿತು ಊರೂರು ಸುತ್ತುವವರಾದರೆ 19 ಇಂಚಿನದ್ದು, 250ರಿಂದ 300 ಸಿಸಿಯದ್ದು ಸಾಕು. ವರ್ಷಕ್ಕೊಮ್ಮೆ ನಿಜಕ್ಕೂ ಹಿಮಾಲಯಕ್ಕೆ ಹೋಗುವವರಾದರೆ 400ರ ಆಚೆಯದಕ್ಕೆ ಹೆಚ್ಚುವರಿ ತೆರಿಗೆ ತೆತ್ತರೂ ನಷ್ಟವಿಲ್ಲ. ಆಮೇಲೆ ಅದೇ ಬೈಕಿರುವ ಗೆಳೆಯರೊಬ್ಬರನ್ನು ಹಿಡಿದು, ಹುಲ್ಲಿನ ಮೇಲೆ ಅದನ್ನು ಮಲಗಿಸಿ, ಒಬ್ಬರೇ ಎತ್ತಿ ನೋಡಿ. ಗೆಳೆಯರು ಒಪ್ಪಿದರೆ, ಬೈಕು ಎದ್ದರೆ, ಆಯ್ಕೆಯ ಮುಕ್ಕಾಲು ಪಾಲು ಜಗಳ ಅಲ್ಲಿಗೇ ಮುಗಿಯಿತು. ಉಳಿದ ಕಾಲು ಪಾಲು ಬಣ್ಣದ್ದು. ಅದನ್ನು ಮನೆಯವರಿಗೆ ಬಿಡುವುದು ಕ್ಷೇಮ.